ಉತ್ತರಪತ್ರಿಕೆ ಸಿಕ್ಕಿತು, ವರದಿ ಎಲ್ಲಿ?

ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನ ಆಗಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ವಿದ್ಯಾರ್ಥಿಯೊಬ್ಬ, ತನ್ನ ಉತ್ತರಪತ್ರಿಕೆ ತೋರಿಸಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ. ಕಲ್ಕತ್ತ ವಿಶ್ವವಿದ್ಯಾಲಯ ಆಗದು ಎಂದಿತು. 2008ರ ಮಾರ್ಚಿನಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಸಂಜೀಬ್ ಬ್ಯಾನರ್ಜಿ ತೋರಿಸಲೇಬೇಕು ಎಂದರು. ಇದರ ಜೊತೆಗೆ ಸಿಬಿಎಸ್‌ಇ ವಿದ್ಯಾರ್ಥಿಯೊಬ್ಬನ ತಕರಾರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಆಗಸ್ಟ್ 9ರಂದು ತೀರ್ಪು ಕೊಟ್ಟ ಪೀಠದ ಹಿರಿಯರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಮೌಲ್ಯಮಾಪಕರ ಗುರುತು ಮರೆಮಾಡಿ, ಪತ್ರಿಕೆ ತೋರಿಸಿ ಎಂದಾಯಿತು.

ಆ ವ್ಯಾಜ್ಯ ಅಂಕದ್ದು. ಅಂಕಕ್ಕೆ ಕೋರ್ಟಿಗೆ ಹೋಗುವ ಜನ ನಾವು! ಮಗುವಿಗೆ ಓದು ಏಕೆ ಹತ್ತುತ್ತಿಲ್ಲ ಎಂದು ಹೇಳುವ ಕಾಗದದ, ಅಂದರೆ ಕಲಿಕಾ ತಪಾಸಣೆಯ ವರದಿಯ, ಮಾತು ಅಲ್ಲಿ ಬರಲೇ ಇಲ್ಲ.

ಆ ವರದಿ ಹುಟ್ಟುವ ಬಗೆಯನ್ನು ಕೋಲ್ಕತ್ತದ ಮಗುವಿನಲ್ಲೇ ನೋಡಿ. ಬಂಗಾಳಿಯಲ್ಲಿ ‘ಬ’ದ ಕೆಳಗೊಂದು ಚುಕ್ಕೆ ಇಟ್ಟರೆ ಅದು ‘ರ’. ಆ ಚುಕ್ಕೆಯಲ್ಲೇ ಎಡವುವ ಮಗುವನ್ನು ಶಾಲೆಯ ಕೌನ್ಸೆಲರ್ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ, ಉಕ್ತಲೇಖನ ಬರೆಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಎಲ್ಲಿ ತಡವರಿಸಿತು, ಯಾವ ಅಕ್ಷರ ಬಿಟ್ಟಿತು, ತಾನೇ ಓದಿದಾಗ ತಿಳಿಯದ್ದು ಓದಿ ಹೇಳಿದರೆ ತಿಳಿಯಿತೇ ಎಂಬುದೆಲ್ಲ ಒಂದು ಹಾಳೆಯಲ್ಲಿ ದಾಖಲಾಗುತ್ತದೆ. ಮನೆಯಲ್ಲಿ ದಿನಾ ಸಂಜೆ ಪಾಠ ಹೇಳಿಕೊಡುವ ತಾಯಿಗೆ ಬೇಕಾದದ್ದು ಇದೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಮಗುವಿನ ಕಲಿಕಾ ಸಾಮರ್ಥ್ಯವನ್ನು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಬಾಯಲ್ಲಿ ಹೇಳಿದರೂ ಅದಕ್ಕೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 2018ರ ಜನವರಿ 4ರ ಮಾರ್ಗಸೂಚಿ, ಮೂರನೇ ತರಗತಿಯಲ್ಲೇ ಶಾಲೆ ಮಗುವನ್ನು ಗಮನಿಸಬೇಕು ಎಂದು ವಿಧಿಸಿತು. ತಪಾಸಣೆಗೆ ಗೊತ್ತುಮಾಡಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು. ಅದರಂತೆ ಅಂಗವೈಕಲ್ಯದ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಮತ್ತೆ 14ಕ್ಕೆ, ಕೊನೆಗೆ 18ಕ್ಕೆ. ಆ ಪ್ರಮಾಣಪತ್ರ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಿಸೀತು, ಬರೆಯಲು ಸಹಾಯಕರನ್ನೂ ಕೊಡಿಸೀತು. ಪಾಠ ಹೇಗೆ ಹೇಳಿಕೊಡಬೇಕೆಂದು ಮಾತ್ರ ತಿಳಿಸದು.

ಕೌನ್ಸೆಲರ್ ಬರೆದ ಆ ಹಾಳೆ ಬೇಕೆಂದರೆ, ಸರ್ಕಾರಿ ಶಾಲೆಯಾದರೆ ಮಾಹಿತಿ ಹಕ್ಕಿನ ಅರ್ಜಿ ಗುಜರಾಯಿಸಬಹುದು. ಅನುದಾನವಿಲ್ಲದ ಖಾಸಗಿ ಶಾಲೆಗೆ ಅದು ನೇರವಾಗಿ ತಾಗದು. ಅಮೆರಿಕದಲ್ಲಿ 1974ರ ಕಾನೂನೇ, ಪೋಷಕರು ಕೇಳಿದ 45 ದಿನದೊಳಗೆ ಮಗುವಿನ ಶಾಲಾ ದಾಖಲೆ ತೋರಿಸಬೇಕು ಎಂದಿತ್ತು. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆ ಮಗುವಿನ ಪರವಾಗಿ ಮಾಹಿತಿ ಕೇಳುವ ಹಕ್ಕನ್ನು ಪೋಷಕರಿಗೆ ಕೊಡುತ್ತದೆ, ಆದರೆ ಸಿಗುವುದು ಸಾರಾಂಶ, ಅದೂ ಕಂಪ್ಯೂಟರಿಗೆ ಏರಿದ್ದಕ್ಕೆ ಮಾತ್ರ. ಕೈಬರಹದ ಹಾಳೆ ಕಪಾಟಿನಲ್ಲೇ ಉಳಿದರೆ ಈ ಕಾಯ್ದೆ ಅದಕ್ಕೆ ತಾಗದು. ಹಾಗಾಗಿ ಸದ್ಯಕ್ಕೆ, ತಪಾಸಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ‘ಪೂರ್ತಿ ವರದಿಯ ಪ್ರತಿ ಕೊಡತಕ್ಕದ್ದು’ ಎಂದು ಅದರಲ್ಲೇ ಬರೆದು, ಒಂದು ಜೆರಾಕ್ಸ್ ಇಟ್ಟುಕೊಳ್ಳುವುದು ಮೇಲು.