ಅಂಗಳದ ಬಾವಿ, ನೌಬಾದಿನ ಸುರಂಗ

ಜನವಾಡದ ಡಿಗ್ರಿ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: ‘ನಾನು ಮಾಡಿದ ಆ್ಯಪ್ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ ಸರ್. ಲೋಕಲ್‌ಹೋಸ್ಟ್ 3000 ಅಂತ ಲಿಂಕನ್ನು ಭಾಲ್ಕಿಯ ಗೆಳೆಯನಿಗೆ ವಾಟ್ಸ್‌ಆ್ಯಪ್ ಮಾಡಿದೆ. ತೆರೆಯಲೇ ಇಲ್ಲ. ಯಾಕೆ?’

ಲೋಕಲ್‌ಹೋಸ್ಟ್ ಎಂದರೆ 127.0.0.1. ಯಾವ ಯಂತ್ರದಲ್ಲಿ ಬರೆದರೂ ಅದು ಆ ಯಂತ್ರವೇ. ಗೆಳೆಯನ ಫೋನು ನಿಮ್ಮ ಆ್ಯಪನ್ನು ತನ್ನೊಳಗೇ ಹುಡುಕಿ ಸುಸ್ತಾಯಿತು.

ಬೀದರಿಗೆ ಹೋದಾಗ ನೌಬಾದಿನ ಸುರಂಗ ಬಾವಿ ನೋಡಿ. ಬಹಮನಿ ಸುಲ್ತಾನರ ಕಾಲದ್ದು, ಪರ್ಷಿಯಾದಿಂದ ಬಂದ ಕರೇಜ್ ವಿದ್ಯೆ. ಜಂಬಿಟ್ಟಿಗೆಯಲ್ಲಿ ಇಂಗಿದ ನೀರು ತಾಯಿಬಾವಿಯಿಂದ ಸುರಂಗ ಹಿಡಿದು, ರಾಟೆಯ ಹಂಗಿಲ್ಲದೆ, ಬರೀ ಇಳಿಜಾರಿನ ಬಲದಲ್ಲಿ ಹರಿಯುತ್ತಿತ್ತು. ಉದ್ದಕ್ಕೂ ಅಲ್ಲಲ್ಲಿ ನೇರ ಕಿಂಡಿಗಳು: ಗಾಳಿಗೆ, ಹೂಳೆತ್ತಲು ಇಳಿಯುವವರಿಗೆ.

ನಿಮ್ಮ ಲ್ಯಾಪ್‌ಟಾಪ್ ಅಂಗಳದ ಬಾವಿ. ಹಗ್ಗ ಬಿಟ್ಟವರಿಗಷ್ಟೇ ನೀರು. ಡಿಪ್ಲಾಯ್ ಎಂದರೆ ಸುರಂಗ ತೋಡಿ, ಸದಾ ಎಚ್ಚರವಿರುವ ಸರ್ವರಿನ ತನಕ ಆ್ಯಪನ್ನು ಒಯ್ಯುವುದು.

ಒಯ್ಯುವಾಗ, ಬೇರೆಯವರು ಬರೆದ ಪ್ಯಾಕೇಜುಗಳು ತುಂಬಿದ ನೋಡ್ ಮಾಡ್ಯೂಲ್ಸ್ ಎಂಬ ದೊಡ್ಡ ಫೋಲ್ಡರನ್ನು ಹೊರಬೇಡಿ. ಪ್ಯಾಕೇಜ್ ಪಟ್ಟಿ, ಅದರ ಲಾಕ್ ಫೈಲ್ ಸಾಕು; ಸರ್ವರಿನಲ್ಲಿ ‘ಎನ್‌ಪಿಎಂ ಸಿಐ’ ಎಂದರೆ ಅವೇ ಆವೃತ್ತಿಗಳು ಇಳಿಯುತ್ತವೆ. ಹೆಚ್ಚಿನವರು ಎಡವುವುದು ಪೋರ್ಟಿನಲ್ಲಿ, ಅಂದರೆ ಆ್ಯಪ್ ಕಾಯುವ ಬಾಗಿಲಿನ ಸಂಖ್ಯೆಯಲ್ಲಿ. ಕೋಡಿನಲ್ಲಿ 3000 ಎಂದೇ ಬರೆದಿದ್ದರೆ, ಹೋಸ್ಟಿಂಗ್ ಕಂಪನಿ ಬೇರೆ ಬಾಗಿಲು ಕೊಟ್ಟಾಗ ನಿಮ್ಮ ಆ್ಯಪ್ ಮುಚ್ಚಿದ ಬಾಗಿಲ ಮುಂದೆ ಕೂತಿರುತ್ತದೆ. ಆ ಸಂಖ್ಯೆಯನ್ನು, ಡೇಟಾಬೇಸಿನ ಪಾಸ್‌ವರ್ಡನ್ನೂ, ಪರಿಸರ ಚರಾಂಶಗಳಿಂದ (ಎನ್ವಿರಾನ್ಮೆಂಟ್ ವೇರಿಯಬಲ್) ಓದಿಸಿ.

ಆ ಪ್ಯಾಕೇಜುಗಳ ಕಥೆಯನ್ನೂ ಕೇಳಿ. ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನದಲ್ಲಿ ಹೆಣೆದ ಜಾವಾಸ್ಕ್ರಿಪ್ಟ್ ಬ್ರೌಸರಿಗೆಂದು ಹುಟ್ಟಿದ್ದು. 2009ರಲ್ಲಿ ರಯಾನ್ ಡಾಲ್ ನೋಡ್ ತಂದು ಅದನ್ನು ಸರ್ವರಿಗೆ ಕರೆತಂದರು. ಬೆನ್ನಿಗೇ ಪ್ಯಾಕೇಜುಗಳ ಸಂತೆ ಕೂಡಿತು. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನ ಅನೇಕ ಪ್ರಾಜೆಕ್ಟುಗಳ ಬಿಲ್ಡ್ ಒಮ್ಮೆಲೇ ನಿಂತಿತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಹಾಕಬೇಕಾಯಿತು.

ಆದ್ದರಿಂದ ‘ಒಂದೇ ಕ್ಲಿಕ್ಕಿಗೆ ಡಿಪ್ಲಾಯ್’ ಎಂಬ ಜಾಹೀರಾತನ್ನು ಅರ್ಧ ಮಾತ್ರ ನಂಬುತ್ತೇನೆ. ಕ್ಲಿಕ್ ನಿಜ, ಸುರಂಗ ತೋಡಿದವರು ಬೇರೆ. ಹೂಳು ತುಂಬಿದಾಗ ಇಳಿಯಬೇಕಾದವರು ಮಾತ್ರ ನೀವೇ. ಆಗ ನಿಮಗಿರುವ ಕಿಂಡಿ ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ. ಮೊದಲ ದಿನವೇ ಅದನ್ನು ತೆರೆದು ಓದುವುದು ಕಲಿಯಿರಿ; ಆಮೇಲೆ ಭಾಲ್ಕಿಗೆ ಹೊಸ ಲಿಂಕ್ ಕಳಿಸಿ.