ಗಾಜು ತೊಳೆಯುವ ನೀರೇ ಕಲ್ಲಾದಾಗ

ಹೋದ ವರ್ಷ ಡಿಸೆಂಬರ್ ಕೊನೆಯ ವಾರ. ಹಿಮಾಚಲದ ಲಾಹೌಲ್ ಕಣಿವೆಯ ಸಿಸ್ಸುವಿನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಮನಾಲಿ ಕಡೆ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಅಪ್ಪ, ಹಿಂದೆ ಅವ್ವ, ಹೆಂಡತಿ, ಮಗಳು. ಬಿಸಿಲು ಬಿದ್ದ ಕಡೆ ಹಿಮ ಕರಗಿ ರಸ್ತೆಯೆಲ್ಲ ಕೆಸರು. ನೆರಳಿದ್ದ ಕಡೆ ಗಾಜಿನಂತೆ ನುಣುಪಾದ ಮಂಜುಗಡ್ಡೆ. ವಾಹನ ಜಾರದಿರಲೆಂದು ಚೆಲ್ಲಿದ ಮಣ್ಣು, ಮರಳು ಬೇರೆ.

ಮುಂದಿದ್ದ ಲಾರಿಯ ಚಕ್ರದಿಂದ ಒಂದು ಬೊಗಸೆ ಕೆಸರು ಹಾರಿ ನಮ್ಮ ಗಾಜಿಗೆ ಬಡಿಯಿತು. ವಾಷರ್ ಒತ್ತಿದೆ. ಮೋಟಾರು ಗುಂಯ್ ಎಂದಿತು, ನೀರು ಬರಲಿಲ್ಲ. ಒಣ ಗಾಜಿನ ಮೇಲೆ ವೈಪರ್ ಎರಡು ಸಲ ಓಡಿ ಕೆಸರನ್ನು ತೆಳ್ಳಗೆ ಬಳಿಯಿತು. ಅದೇ ಹೊತ್ತಿಗೆ ಬೆಟ್ಟದ ಮೇಲಿಂದ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಮುಂದೇನೂ ಕಾಣಲಿಲ್ಲ. ಕೆಳಗೆ ಚಂದ್ರಾ ನದಿ. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ಅಂಚು ನೋಡಿಕೊಂಡು ಅಗಲವಾದ ಜಾಗದಲ್ಲಿ ನಿಲ್ಲಿಸುವಷ್ಟರಲ್ಲಿ ಆ ಚಳಿಯಲ್ಲೂ ಬೆನ್ನು ಬೆವೆತಿತ್ತು.

‘ಯಾಕ ತಮ್ಮಾ, ನೀರು ಬರವಲ್ದೇನು? ದಿಲ್ಲಿ ಬಿಡೂ ಮುಂದ ನಾನೇ ತುಂಬ್ಸೀನಲ್ಲ, ಗಂಟಲಮಟ’ ಎಂದರು ಅಪ್ಪ.

‘ಯಾರು ಹೇಳಿದ್ರು ನಿಮಗ ತುಂಬ್ಸಾಕ?’ ಎಂದೆ. ದನಿ ಜೋರಾಗಿಯೇ ಬಂತು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು ಅವರು. ಏನೂ ಅನ್ನದೆ ಕಿಟಕಿಯ ಆಚೆ ನೋಡುತ್ತ ಕುಳಿತರು.

ನಾನು ಮತ್ತೆ ಮತ್ತೆ ವಾಷರ್ ಒತ್ತುತ್ತಲೇ ಇದ್ದೆ. ಹಿಂದಿನಿಂದ ಬಂದ ಟ್ಯಾಕ್ಸಿಯೊಂದು ನಿಂತಿತು. ಚಾಲಕ ಕೇಲಾಂಗ್ ಕಡೆಯವನು. ಬಂದವನೇ ಮೊದಲು ಒತ್ತುವುದನ್ನು ನಿಲ್ಲಿಸಿದ. ಪಂಪಿನೊಳಗೆ ಮಂಜುಗಡ್ಡೆ ಕಟ್ಟಿರುವಾಗ ಒತ್ತಿದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಮೋಟಾರೇ ಸುಡುತ್ತದೆ ಎಂದ. ಫ್ಲಾಸ್ಕಿನಲ್ಲಿದ್ದ ಬಿಸಿನೀರನ್ನು ಗಾಜಿಗೆ ಸುರಿಯಲು ಹೋದ ನನ್ನ ಹೆಂಡತಿಯನ್ನೂ ತಡೆದ. ಕೊರೆಯುವ ಗಾಜಿಗೆ ಕುದಿನೀರು ಬಿದ್ದರೆ ಒಡೆಯಬಹುದು, ಕಲ್ಲು ತಾಗಿದ ಸಣ್ಣ ಗುರುತಿದ್ದರಂತೂ ಬಿರುಕು ಓಡುತ್ತದೆ. ಹೀಟರಿನ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ನಿಧಾನವಾಗಿ ಬಿಸಿ ಏರಿಸಿದ. ಆಮೇಲೆ ತನ್ನ ಬಾಟಲಿಯ ಸ್ಪಿರಿಟ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದ. ಲಾರಿಗಳಿಂದ ದೂರ ಉಳಿದು ನನ್ನ ಹಿಂದೆಯೇ ಬನ್ನಿ ಎಂದು ಮುಂದೆ ಹೊರಟ. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗಕ್ಕೆ ಹೊಗುವ ಮುನ್ನ ಮತ್ತೊಮ್ಮೆ ನಿಲ್ಲಿಸಿ ಗಾಜು ಒರೆಸಿಕೊಂಡೆವು. ಕೆಸರು ಗಾಜಿನಲ್ಲಿ ಎದುರು ವಾಹನದ ದೀಪ ಬಿದ್ದರೆ ಸುರಂಗದೊಳಗೆ ಏನೂ ಕಾಣುತ್ತಿರಲಿಲ್ಲ.

ಮನಾಲಿಯ ಮೆಕ್ಯಾನಿಕ್ ಕಾರನ್ನು ಶೆಡ್ಡಿನೊಳಗೆ ಎರಡು ತಾಸು ನಿಲ್ಲಿಸಿ ಮಂಜು ಕರಗಿಸಿದ. ಕರಗಿದ ಮೇಲೆ ನೀರು ಟ್ಯಾಂಕಿನ ಕೆಳಗಿಂದ ತೊಟ್ಟಿಕ್ಕತೊಡಗಿತು. ಪಂಪ್ ಸೇರುವ ಕಡೆ ಪ್ಲಾಸ್ಟಿಕ್ ಸೀಳಿತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ; ಹಿಗ್ಗಲು ಜಾಗವಿಲ್ಲದಿದ್ದರೆ ಸಿಕ್ಕಿದ್ದನ್ನು ಸೀಳುತ್ತದೆ. ಅಪ್ಪ ‘ಗಂಟಲಮಟ’ ತುಂಬಿಸಿದ್ದರು ನಿಜ. ಆದರೆ ಅವರು ತುಂಬಿಸುವ ಮೊದಲು ಅದರಲ್ಲಿ ಇದ್ದದ್ದೂ ನಾನೇ ಹಾಕಿದ್ದ ನಲ್ಲಿ ನೀರು, ಒಂದು ಪೊಟ್ಟಣ ಸೋಪು. ಅದೂ ಕಲ್ಲಾಗುತ್ತಿತ್ತು. ಹೊರಡುವ ಮುನ್ನ ಟಯರು, ಬ್ಯಾಟರಿ, ಬ್ರೇಕು, ರೇಡಿಯೇಟರಿನ ಕೂಲಂಟ್ ಎಲ್ಲ ನೋಡಿಸಿದ್ದೆ. ಗಾಜು ತೊಳೆಯುವ ನೀರು ನೆನಪಿಗೇ ಬಂದಿರಲಿಲ್ಲ.

ಬರಬೇಕಾದರೂ ಹೇಗೆ? ರಾಯಚೂರಿನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ದಿಲ್ಲಿಯಲ್ಲಿ ನಾನು ಕಳೆದ ಚಳಿಗಾಲಗಳಲ್ಲೂ ಎಷ್ಟು ಮಂಜು ಮುಸುಕಿದರೂ ಟ್ಯಾಂಕಿನ ನೀರು ನೀರಾಗಿಯೇ ಇರುತ್ತಿತ್ತು. ದಿಲ್ಲಿ ಚಳಿ ಕಂಡವನಿಗೆ ಇನ್ಯಾವ ಚಳಿ ಎಂಬ ಸೊಕ್ಕೂ ಸ್ವಲ್ಪ ಇತ್ತು. ಸುರಂಗದ ಆಚೆಯ ಬಾಯಿ ಇರುವುದು ಸಮುದ್ರಮಟ್ಟದಿಂದ 3,071 ಮೀಟರ್ ಎತ್ತರದಲ್ಲಿ. 2020ರ ಅಕ್ಟೋಬರಿನಲ್ಲಿ ಸುರಂಗ ತೆರೆಯುವ ಮೊದಲು ಚಳಿಗಾಲದಲ್ಲಿ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿಹೋಗಿ, ನಮ್ಮಂಥವರು ಕಾರಿನಲ್ಲಿ ಅಲ್ಲಿಗೆ ತಲುಪುವುದೇ ಆಗುತ್ತಿರಲಿಲ್ಲ. ಈಗ ದಿಲ್ಲಿ, ಚಂಡೀಗಢದಲ್ಲಿರುವ ಯಾರು ಬೇಕಾದರೂ ಮಕ್ಕಳಿಗೆ ಹಿಮ ತೋರಿಸಲು ಹೊರಟುಬಿಡಬಹುದು. ನಾವು ಹೋಗುತ್ತೇವೆ, ಬಯಲುಸೀಮೆಯ ನೀರನ್ನೂ ಜೊತೆಗೆ ಒಯ್ಯುತ್ತೇವೆ.

ಹಾಗೆ ಹೊರಡುವವರಿಗಾಗಿ, ಆ ಚಾಲಕ ಮತ್ತು ಮೆಕ್ಯಾನಿಕ್ ಹೇಳಿಕೊಟ್ಟದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಗುವ ವಾಷರ್ ದ್ರವಗಳಲ್ಲಿ ಹಲವು ಬರೀ ಸೋಪು. ಅವು ಕೊಳೆ ತೆಗೆಯುತ್ತವೆ, ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ. ಬಾಟಲಿಯ ಮೇಲೆ ಎಷ್ಟು ಮೈನಸ್ ಡಿಗ್ರಿಯವರೆಗೆ ಎಂದು ಬರೆದಿದೆಯೇ ನೋಡಿ. ಆ ಅಂಕಿಯೂ ಅಲ್ಲಿ ಹೇಳಿದ ಅಳತೆಯಲ್ಲಿ ಬಳಸಿದರೆ ಮಾತ್ರ. ಮೇಲೆ ನೀರು ಬೆರೆಸಿದಷ್ಟೂ ರಕ್ಷಣೆ ಕಡಿಮೆ. ಅಂಥದ್ದು ಸಿಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಬಹುದು. ಒಟ್ಟು ಮಿಶ್ರಣದಲ್ಲಿ ಶೇ 30ರಷ್ಟು ಶುದ್ಧ ಆಲ್ಕೋಹಾಲ್ ಇದ್ದರೆ ಸುಮಾರು ಮೈನಸ್ 15 ಡಿಗ್ರಿಯವರೆಗೆ ನಡೆಯುತ್ತದೆ. ಅದಕ್ಕಿಂತ ಕೊರೆಯುವ ಸ್ಪಿತಿ, ಲಡಾಖ್‌ಗಳ ನಡುಚಳಿಗೆ ಅದು ಸಾಲದು. ಬೇಗ ಬೆಂಕಿ ಹಿಡಿಯುವ ವಸ್ತು, ಬೀಡಿ ಸಿಗರೇಟು ಸೇದುತ್ತ ಬೆರೆಸಬೇಡಿ. ಮೆಥನಾಲ್ ಬೇಡವೇ ಬೇಡ, ಅದು ವಿಷ.

ಅಡುಗೆ ಉಪ್ಪು ಹಾಕಿದರೆ ಆಗದೇ ಎಂದು ಅವ್ವ ಕೇಳಿದ್ದಳು. ಉಪ್ಪಿಗೆ ನೀರು ಬೇಗ ಹೆಪ್ಪುಗಟ್ಟದು ನಿಜ. ಆದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. ರೇಡಿಯೇಟರಿನ ಕೂಲಂಟೂ ಬೇಡ, ಗಾಜು ಜಿಡ್ಡಾಗುತ್ತದೆ.

ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ. ಹೊಸ ದ್ರವವನ್ನು ಟ್ಯಾಂಕಿಗೆ ಹಾಕಿ ಸುಮ್ಮನಾಗುತ್ತಾರೆ. ಪೈಪು, ನಾಜಲ್‌ಗಳಲ್ಲಿ ಹಳೆಯ ನೀರೇ ಉಳಿದಿರುತ್ತದೆ. ಮೊದಲು ಹೆಪ್ಪುಗಟ್ಟುವುದೂ ಅದೇ. ಆದ್ದರಿಂದ ಬೆಟ್ಟ ಹತ್ತುವ ಮುನ್ನ ಹಳೆಯ ನೀರು ಖಾಲಿ ಮಾಡಿ, ಹೊಸದನ್ನು ಹಾಕಿ, ಅದರ ವಾಸನೆ ಗಾಜಿನ ಮೇಲೆ ಬರುವ ತನಕ ನಾಲ್ಕಾರು ಸಲ ಒತ್ತಬೇಕು. ಬೆಳಿಗ್ಗೆ ಗಾಜು ಬಿಸಿಯಾಗುವ ಮುನ್ನ ಒತ್ತಲೇಬಾರದು. ಆಲ್ಕೋಹಾಲ್ ಆರಿಹೋಗಿ ಉಳಿದ ನೀರು ಗಾಜಿನ ಮೇಲೆಯೇ ಮಂಜಾಗುತ್ತದೆ. ಗಾಜಿಗೆ ಅಂಟಿದ ವೈಪರನ್ನೂ ಕಿತ್ತೆಳೆಯಬೇಡಿ, ರಬ್ಬರು ಹರಿಯುತ್ತದೆ. ಕಾರಿನೊಳಗೆ ಒಂದು ಬಾಟಲಿ ನೀರು, ಎರಡು ಹಳೆಯ ಹತ್ತಿಬಟ್ಟೆ ಇರಲಿ.

ಆ ದಿನ ಮನಾಲಿಯಲ್ಲಿ ಕಾರು ರಿಪೇರಿಯಾಗುವಾಗ ಅಪ್ಪ, ನಾನು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆವು. ‘ಅಲ್ಲಿ ಒದರಬಾರದಿತ್ತು ನಾನು’ ಎಂದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ತಾವು ಹೈದರಾಬಾದ್ ಲೈನಿನಲ್ಲಿದ್ದಾಗ ಮಳೆಯಲ್ಲಿ ವೈಪರ್ ಕೆಟ್ಟರೆ ಗಾಜಿಗೆ ತಂಬಾಕು ಉಜ್ಜಿ ಬಸ್ ಓಡಿಸುತ್ತಿದ್ದುದನ್ನು ಹೇಳಿದರು. ‘ನಮ್ಮ ಕಡಿ ನೀರು ಕಾಯ್ತದ, ಆರ್ತದ. ಕಲ್ಲಾಗ್ತದ ಅಂತ ಯಾರಿಗಿ ಗೊತ್ತು?’ ಎಂದು ನಕ್ಕರು.

ಈ ಸಲ ಡಿಸೆಂಬರ್ ಬರುವ ಮೊದಲೇ ರಾಯಚೂರಿನಿಂದ ಫೋನ್ ಬಂತು. ಬೆಟ್ಟದ ಕಡೆ ಹೋಗುವ ಯೋಚನೆಯೇ ನನಗಿರಲಿಲ್ಲ. ಅಪ್ಪ ಆರೋಗ್ಯ, ಮಳೆ, ತೊಗರಿ ಬೆಳೆ ಎಲ್ಲ ಮಾತಾಡಿ, ಕೊನೆಗೆ ಕೇಳಿದರು: ‘ಗಾಜಿನ ನೀರು ಬದ್ಲಿ ಮಾಡಿದ್ಯೇನು?’