ನಡುವೆ ಇಟ್ಟ ತಟ್ಟೆ

ಬೆಂಗಳೂರಿನಿಂದ ಹೊರಟು ಕೋಲಾರ ದಾಟಿ ಮೂವತ್ತು ಕಿಲೋಮೀಟರ್ ಬಂದರೆ ಮುಳಬಾಗಿಲು. ಹೆದ್ದಾರಿಯಲ್ಲಿ ಹೋಗುವವರಿಗೆ ಈ ಊರೆಂದರೆ ದೋಸೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಧಾರಾಳವಾಗಿ ತುಪ್ಪ, ಮಡಿಕೆಯಲ್ಲಿ ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯ. ಆ ದೋಸೆಯ ಹೆಸರು ಈಗ ಬೆಂಗಳೂರಿನ ಬೋರ್ಡುಗಳ ಮೇಲೂ ಏರಿದೆ. ಬೆಳಿಗ್ಗೆ ಬಂದವರು ಅದನ್ನು ತಿನ್ನದೆ ಹೋಗಬಾರದು. ಆದರೆ ದೋಸೆ ಒಬ್ಬರ ತಿಂಡಿ. ನಾಲ್ಕು ಜನ ಸುತ್ತ ಕೂತು, ನಡುವೆ ತಟ್ಟೆಗಳನ್ನಿಟ್ಟುಕೊಂಡು, ಇಷ್ಟಿಷ್ಟೇ ಬಡಿಸಿಕೊಂಡು ಉಣ್ಣುವ ಊಟ ಬೇಕೆಂದರೆ ಹೆದ್ದಾರಿ ಬಿಟ್ಟು ಊರೊಳಕ್ಕೆ ಇಳಿಯಬೇಕು, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ.

ನಾನು ಹೋದದ್ದು ಅಂಥದ್ದೇ ಒಂದು ಮಿಲಿಟರಿ ಹೋಟೆಲಿಗೆ. ಬೀದಿಯ ಜನಕ್ಕೆ ಅದು ಯಜಮಾನರ ಹೆಸರಿನಿಂದಲೇ ಗೊತ್ತು. ಮುಂದೆ ಮಾಲೂರು ಹೆಂಚಿನ ಇಳಿಜಾರು, ಒಳಗೆ ಗ್ರಾನೈಟ್ ಹಾಸಿದ ಏಳೆಂಟು ಟೇಬಲ್ಲು, ಗಲ್ಲಾದ ಪಕ್ಕದಲ್ಲಿ ಬಾಳೆ ಎಲೆಯ ಕಟ್ಟು. ಮೆನು ಕಾರ್ಡು ಇಲ್ಲ, ಗೋಡೆಯ ಕಪ್ಪು ಹಲಗೆಯೇ ಮೆನು. ಅದನ್ನೂ ಯಾರೂ ಓದುವುದಿಲ್ಲ. ಬಡಿಸುವ ಹುಡುಗ ಬಂದು ಮೊದಲು ಕೇಳುವುದು ‘ಏನು ಕೊಡ್ಲಿ’ ಎಂದಲ್ಲ, ‘ಎಷ್ಟು ಜನ ಅಣ್ಣ?’ ಎಂದು. ನಾಲ್ಕು ಎಂದೆವು. ‘ನಾಲ್ಕು ಮುದ್ದೆ, ಒಂದು ಚಾಪ್ಸ್, ಒಂದು ಬೋಟಿ, ಒಂದು ತಲೆಮಾಂಸ. ಸಾಕು. ಆಮೇಲೆ ಬೇಕಾದ್ರೆ ನೋಡೋಣ’ ಎಂದು ಅವನೇ ತೀರ್ಮಾನ ಮಾಡಿ, ಒಳಕ್ಕೆ ತೆಲುಗಿನಲ್ಲಿ ಕೂಗಿ ಹೇಳಿದ. ಆಂಧ್ರದ ಗಡಿ ಹತ್ತಿರವೇ ಇದೆ. ಇಲ್ಲಿನ ಟೇಬಲ್ಲುಗಳಲ್ಲಿ ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ಯಾರ ಗಮನಕ್ಕೂ ಬರುವುದಿಲ್ಲ.

ಗ್ರೀಸಿನ ತವೆರ್ನಾ ಹೋಟೆಲುಗಳಲ್ಲೂ ಇಂಥದ್ದೇ ‘ಮೆಜೆ’ ಎಂಬ ಊಟದ ಪದ್ಧತಿ ಇದೆ. ಸೌತೆಕಾಯಿ ಬೆಳ್ಳುಳ್ಳಿ ಬೆರೆಸಿದ ಗಟ್ಟಿ ಮೊಸರು, ದ್ರಾಕ್ಷಿ ಎಲೆಯೊಳಗೆ ಅಕ್ಕಿ ಸುತ್ತಿದ ದೋಲ್ಮಾ, ಕೆಂಡದ ಮೇಲೆ ಸುಟ್ಟ ಮಾಂಸ, ಆಲಿವ್ ಕಾಯಿ, ಎಲ್ಲವೂ ಸಣ್ಣ ಸಣ್ಣ ತಟ್ಟೆಗಳಲ್ಲಿ ಟೇಬಲ್ಲಿನ ನಡುವೆ ಬಂದು ಕೂರುತ್ತವೆ. ಕೂತವರೆಲ್ಲ ರೊಟ್ಟಿ ಮುರಿದು ಹಂಚಿಕೊಂಡು ತಿನ್ನುತ್ತಾರೆ. ಬೆಂಗಳೂರಿನ ದೊಡ್ಡ ರೆಸ್ಟೋರೆಂಟುಗಳು ಇದನ್ನೇ ‘ಪ್ಲ್ಯಾಟರ್’ ಎಂದು ಕಾರ್ಡಿನಲ್ಲಿ ಬರೆದು ಹೊಸ ಫ್ಯಾಷನ್ ಮಾಡಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬೀದಿಬೀದಿಯ ಹೋಟೆಲುಗಳಲ್ಲಿ ಊಟ ನಡೆಯುವ ರೀತಿಯೇ ಇದು. ಅಲ್ಲಿ ರೊಟ್ಟಿ, ಇಲ್ಲಿ ಮುದ್ದೆ.

ಅಡುಗೆಮನೆಗೆ ಬರಬಹುದೇ ಎಂದು ಕೇಳಿದಾಗ ಯಜಮಾನರು ‘ಬನ್ನಿ ಬನ್ನಿ’ ಎಂದು ತಾವೇ ಕರೆದುಕೊಂಡು ಹೋದರು. ಸೌದೆ ಒಲೆಯ ಮೇಲೆ ಮೊಣಕಾಲೆತ್ತರದ ಪಾತ್ರೆ. ಎಸರಿನಲ್ಲಿ ಹಿಡಿ ಅಕ್ಕಿನುಚ್ಚು ಬೆಂದು ಅರಳಿತ್ತು. ಗಡಿ ಕಡೆಯ ಮುದ್ದೆಗೆ ನುಚ್ಚು ಬೀಳಲೇಬೇಕು. ಕುದಿಯುವ ಎಸರಿನ ನಡುವೆ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ಹಾಗೇ ಬೇಯಲು ಬಿಟ್ಟರು. ಹಿಟ್ಟಿನ ಸುತ್ತ ನೀರು ಉಕ್ಕಿ, ಮೇಲೆ ಬಿರುಕುಗಳಲ್ಲಿ ಆವಿ ಎದ್ದಿತು. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಒಬ್ಬ ಹೆಂಗಸು ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಲು ನಿಂತರು. ತೋಳು, ಬೆನ್ನು, ಹಿಮ್ಮಡಿ ಎಲ್ಲ ಸೇರಿ ಮಾಡುವ ಕೆಲಸ ಅದು. ‘ಗಂಟು ಉಳಿದ್ರೆ ಗಿರಾಕಿ ಮತ್ತೆ ಬರಲ್ಲ’ ಎಂದರು, ಕೋಲು ನಿಲ್ಲಿಸದೆ. ನೀರು ಸವರಿದ ಹಲಗೆಯ ಮೇಲೆ ಹಿಟ್ಟು ಬಿತ್ತು. ಒದ್ದೆ ಅಂಗೈ ಎರಡು ಸುತ್ತು ತಿರುಗುವಷ್ಟರಲ್ಲಿ ಮುದ್ದೆ ನುಣ್ಣಗೆ ಹೊಳೆಯುತ್ತಿತ್ತು.

ನದಿಯ ಆಸರೆಯಿಲ್ಲದ, ಕೆರೆಗಳನ್ನೇ ನೆಚ್ಚಿದ ಈ ಸೀಮೆಯಲ್ಲಿ ಮಳೆಗೇ ಬೆಳೆಯುವ ರಾಗಿ ಜನರನ್ನು ಕಾಪಾಡಿಕೊಂಡು ಬಂದಿದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ, ಅದರ ಸುತ್ತ ವಾದಗಳೂ ಇವೆ. ಮುದ್ದೆ ಮಾತ್ರ ಎಲೆಯಿಂದ ಒಂದು ದಿನವೂ ಇಳಿದಿಲ್ಲ.

ಹಿತ್ತಿಲ ಜಗಲಿಯಲ್ಲಿ ಇಬ್ಬರು ಅವರೆಕಾಳು ಹಿತುಕುತ್ತಿದ್ದರು. ರಾತ್ರಿಯಿಡೀ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಬೋಗುಣಿಗೆ ಜಿಗಿಯುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಕಡೆಯವರ ಬಾಯಲ್ಲಿ ಇದು ‘ಪಿತಿಕಿಪಪ್ಪು’. ಡಿಸೆಂಬರಿನಿಂದ ಫೆಬ್ರವರಿವರೆಗೆ ಸೊಗಡವರೆಯ ಕಾಲ. ಆಗ ಮಟನ್ ಸಾರಿಗೆ ಈ ಬೇಳೆ ಬೀಳುತ್ತದೆ. ಮಾಂಸದ ರಸ ಹೀರಿದ ಬೇಳೆ, ಬೇಳೆಯ ಸೊಗಡು ಹಿಡಿದ ಮಾಂಸ: ಕೋಲಾರ ಸೀಮೆಯ ಅಡುಗೆಯಲ್ಲಿ ನನಗೆ ಇದಕ್ಕಿಂತ ಮೇಲಾದದ್ದು ಇಲ್ಲ. ಚಾಪ್ಸು, ಫ್ರೈ ಬೇರೆ ಊರಲ್ಲೂ ಸಿಗುತ್ತವೆ.

ಸಾರಿನ ಹುಳಿಗೆ ಹುಣಸೆ, ಜೊತೆಗೆ ಟೊಮೆಟೊ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿದಾಗ ಇಲ್ಲಿ ಹುಣಸೆಹುಳಿಯೊಂದರಲ್ಲೇ ಸಾರು ಮಾಡಿದರಂತೆ. ‘ಯಾರಿಗೂ ಗೊತ್ತಾಗ್ಲಿಲ್ಲ, ಗೊತ್ತಾದೋರು ಇದೇ ಚೆನ್ನಾಗಿದೆ ಅಂದ್ರು’ ಎಂದರು ಯಜಮಾನರು.

ಎಲೆಗೆ ಮುದ್ದೆ ಬಂತು. ಪಕ್ಕದಲ್ಲಿ ಈರುಳ್ಳಿ, ನಿಂಬೆಹೋಳು. ಸಾರಿಗೆ ಲೆಕ್ಕವಿಲ್ಲ, ಹುಡುಗ ಬಕೆಟ್ಟು ಹಿಡಿದು ಸುತ್ತುತ್ತಲೇ ಇರುತ್ತಾನೆ. ಮೂರು ತಟ್ಟೆಗಳು ನಡುವೆ ಬಂದವು, ಒಂದೊಂದಕ್ಕೂ ಒಂದು ಚಮಚ. ಉಣ್ಣುವ ಕೈ ಆ ಚಮಚ ಮುಟ್ಟುವುದಿಲ್ಲ. ಎಡಗೈಯಲ್ಲಿ ಎತ್ತಿ ಮೊದಲು ಪಕ್ಕದವರ ಎಲೆಗೆ, ಆಮೇಲೆ ತಮ್ಮ ಎಲೆಗೆ. ಪಕ್ಕದ ಟೇಬಲ್ಲಿನಲ್ಲಿ ಮೂವರು ಲಾರಿ ಡ್ರೈವರುಗಳು, ಬೇರೆಡೆ ಜಾಗ ಸಿಗದೆ ಅವರ ನಡುವೆ ಬಂದು ಕೂತ ಒಬ್ಬ ಅಪರಿಚಿತರು. ‘ತಗೊಳ್ಳಿ ಸಾರ್, ಬೋಟಿ ಚೆನ್ನಾಗಿದೆ’ ಎಂದು ಡ್ರೈವರೊಬ್ಬರು ಅವರ ಎಲೆಗೂ ಹಾಕಿದರು. ಹಾಕಿಸಿಕೊಂಡವರು ಬೇಡ ಎನ್ನಲಿಲ್ಲ.

ಇದು ಸಣ್ಣ ವಿಷಯವಲ್ಲ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಶೇ. 30ರಷ್ಟು ಜನ ಪರಿಶಿಷ್ಟ ಜಾತಿಯವರು, ರಾಜ್ಯದ ಜಿಲ್ಲೆಗಳಲ್ಲೇ ಹೆಚ್ಚು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಟ್ಟೇ ಹೇಳಿ, ಜಾತಿಯ ಕಾರಣಕ್ಕೆ ಅಲ್ಲಿಗೆ ಯಾರನ್ನೂ ತಡೆಯಕೂಡದು ಎಂದಿದ್ದರೂ, ಹಳ್ಳಿ ಹೋಟೆಲುಗಳಲ್ಲಿ ಬೇರೆ ಲೋಟ, ಹೊರಗಿನ ಕಲ್ಲಿನ ಮೇಲೆ ಜಾಗ, ತೊಳೆದಿಟ್ಟು ಹೋಗುವ ಪದ್ಧತಿ ನಡೆದೇ ಇತ್ತು. ದಲಿತ ಸಂಘರ್ಷ ಸಮಿತಿ ಎಂಬತ್ತರ ದಶಕದಲ್ಲಿ ಈ ಜಿಲ್ಲೆಯಲ್ಲಿ ಗಟ್ಟಿಯಾಗಿ ಬೇರೂರಿದ್ದಕ್ಕೆ ಇಂಥ ಅವಮಾನಗಳೂ ಕಾರಣ. ಎಲ್ಲ ಹಳ್ಳಿಗಳಲ್ಲೂ ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳಲಾರೆ. ಆದರೆ ಯಾರ ಊರು, ಯಾರ ಮನೆತನ ಎಂದು ಕೇಳದೆ ಒಂದೇ ತಟ್ಟೆಯಿಂದ ಬಡಿಸಿಕೊಳ್ಳುವ ಈ ಟೇಬಲ್ಲು ಹೋರಾಡಿ ಗಳಿಸಿದ್ದು. ಹಂಚಿಕೊಂಡು ತಿನ್ನುವುದನ್ನು ರೆಸ್ಟೋರೆಂಟಿನ ಶೋಕಿ ಎಂದುಕೊಂಡವರು ಇಲ್ಲಿ ಬಂದು ಒಮ್ಮೆ ಕೂರಬೇಕು ಎನ್ನಿಸುವುದು ಅದಕ್ಕೇ.

ಹೋಗುವವರಿಗೆ ಎರಡು ಮಾತು. ತಲೆಗೊಂದು ಪ್ಲೇಟ್ ಹೇಳಬೇಡಿ. ಮುದ್ದೆ ಮಾತ್ರ ತಲೆಗೊಂದು, ಉಳಿದದ್ದು ಒಂದೊಂದೇ ತರಿಸಿ. ಮುದ್ದೆ ಅಗಿಯುವಂಥದ್ದಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಮಕ್ಕಳಿದ್ದರೆ ಅರ್ಧ ಮುದ್ದೆಯೂ ಕೊಡುತ್ತಾರೆ. ತಲೆಮಾಂಸ ಎರಡು ಗಂಟೆಯೊಳಗೆ ಖಾಲಿ. ಮಾಂಸ ತಿನ್ನದವರು ಜೊತೆಗಿದ್ದರೆ ಬಸ್ಸಾರು, ಮಸ್ಸೊಪ್ಪು ಇರುವ ಮುದ್ದೆ ಮೆಸ್ಸುಗಳು ಕೋಲಾರದಲ್ಲೂ ಶ್ರೀನಿವಾಸಪುರದಲ್ಲೂ ಸಿಗುತ್ತವೆ. ಶ್ರೀನಿವಾಸಪುರಕ್ಕೆ ಮೇ, ಜೂನ್‌ನಲ್ಲಿ ಹೋದರೆ ಊಟದ ಮೇಲೆ ರಸ್ತೆಬದಿಯಲ್ಲೇ ಬಾದಾಮಿ, ಮಲ್ಲಿಕಾ ಮಾವಿನಹಣ್ಣು ಕೊಯ್ಸಿಕೊಂಡು ತಿನ್ನಬಹುದು. ಪಿತಿಕಿಪಪ್ಪು ಬೇಕೆಂದರೆ ಸಂಕ್ರಾಂತಿಯ ಆಚೀಚೆ ಬನ್ನಿ, ಹಿಂದಿನ ದಿನವೇ ಒಂದು ಫೋನ್ ಮಾಡಿ ಎಷ್ಟು ಜನ ಎಂದು ಹೇಳಿಡಿ.